ಶಬರಿ ಕಾದ ಬಗೆ

ನಮ್ಮ ಮನೆಗಳಲ್ಲಿ ಯಾರಾದರೂ ಬಹಳ ಹೊತ್ತು ಕಾಯಬೇಕಾಗಿ ಬಂದರೆ ‘ಶಬರಿ ಕಾದ ಹಾಗೆ ಕಾದೆ’ ಎನ್ನುವುದು ರೂಢಿ. ಗ್ಯಾಸ್ ಸಿಲಿಂಡರಿಗೆ ಕಾದರೂ ಅದೇ ಮಾತು, ಹಬ್ಬಕ್ಕೆ ಬರುತ್ತೇನೆಂದು ಹೇಳಿ ಬಾರದ ಮಗನಿಗೆ ಕಾದರೂ ಅದೇ ಮಾತು. ಕಷ್ಟದಲ್ಲಿರುವ ಹೆಣ್ಣಿಗೆ ಸಮಾಧಾನ ಹೇಳಬೇಕಾದಾಗಲೂ ನಮ್ಮ ನಾಲಿಗೆಗೆ ಮೊದಲು ಬರುವ ಹೆಸರು ಶಬರಿಯದೇ. ‘ತಾಳಿಕೋ, ಶಬರಿ ಕಾಯಲಿಲ್ಲವೇ?’ ನನಗೂ ಹಾಗೆಂದು ಹೇಳಿದರು. ನಾನೂ ಇನ್ನೊಬ್ಬಳಿಗೆ ಹೇಳಿದೆ. ಹೇಳಿ ಪಶ್ಚಾತ್ತಾಪಪಟ್ಟೆ. ಆ ಪಶ್ಚಾತ್ತಾಪದಿಂದಾಗಿಯೇ ಶಬರಿಯ ಕಥೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಓದಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಸಂಸ್ಕೃತದ ವಿದ್ವಾಂಸಳಲ್ಲ. ಬಿ.ಎ., ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿಕೊಂಡು ಬಂದವಳು. ಪಾಠ ಮಾಡುವವಳ ಓದು ಇದು, ಅಷ್ಟೇ.

ಎಂಟು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಕೊಂಡರು. ಅದರ ಹಿಂದಿನ ವರ್ಷವೇ ಮಗಳು ಮದುವೆಯಾಗಿ ಪುಣೆ ಸೇರಿದ್ದಳು. ಮುಂದಿನ ಜೂನ್ ತಿಂಗಳಲ್ಲಿ ನನಗೆ ಬೇರೊಂದು ತಾಲ್ಲೂಕಿಗೆ ವರ್ಗವಾಯಿತು. ಒಂದು ಕೋಣೆ, ಒಂದು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದೆ. ಸಾಮಾನೆಲ್ಲ ಹಳೆಯ ಊರಿನಲ್ಲೇ ಉಳಿಯಿತು. ಅವರದೊಂದು ನೀಲಿ ಗೆರೆಯ ಅಂಗಿಯನ್ನು ಮಾತ್ರ ಜೊತೆಗೆ ತಂದು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೆ. ಶಾಲೆ ಇರುವಷ್ಟು ಹೊತ್ತು ಏನೂ ಅನ್ನಿಸುತ್ತಿರಲಿಲ್ಲ. ಸಂಜೆಯೇ ಕಷ್ಟ. ಇಪ್ಪತ್ತೈದು ವರ್ಷ ಮೂರು ಜನಕ್ಕೆ ಅನ್ನ ಮಾಡಿದ ಕೈಗೆ ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂಬ ಅಂದಾಜೇ ಸಿಗುತ್ತಿರಲಿಲ್ಲ. ದಿನವೂ ಅನ್ನ ಮಿಗುತ್ತಿತ್ತು.

ಊರಿನಿಂದ ದೊಡ್ಡಮ್ಮ ಫೋನು ಮಾಡಿ, “ದೇವರ ಮೇಲೆ ಭಾರ ಹಾಕಿ ಸುಮ್ಮನಿರೇ. ಶಬರಿ ಕಾಯಲಿಲ್ವಾ? ಒಂದಲ್ಲ ಒಂದು ದಿನ ಅವನೇ ದಾರಿ ತೋರಿಸ್ತಾನೆ” ಎನ್ನುತ್ತಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಹಾಗೆಯೇ ಸುಮ್ಮನಿದ್ದೆ. ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂರುತ್ತಿದ್ದೆ. ನಂಬಿಕೆ ಹೋಗಿತ್ತೆಂದು ಹೇಳಲಾರೆ. ಆದರೆ ಆ ಕೂತಿರುವುದು ಕೊನೆಯ ಬಸ್ಸು ಹೋಗಿದೆಯೋ ಇಲ್ಲವೋ ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗಿರುತ್ತಿತ್ತು. ಯಾವುದಕ್ಕೆ ಕಾಯುತ್ತಿದ್ದೇನೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ವರ್ಷವೇ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೇಲಿಂದ ಮೇಲೆ ಶಾಲೆ ತಪ್ಪಿಸುತ್ತಿದ್ದಳು. ತಾಯಿಯನ್ನು ಕರೆಸಿದೆ. ಮೂವತ್ತೈದರ ಒಳಗಿನ ಹೆಂಗಸು. ಗಂಡ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಹೋದವನು ಎರಡು ವರ್ಷದಿಂದ ದುಡ್ಡನ್ನೂ ಕಳಿಸಿಲ್ಲ, ಸುದ್ದಿಯನ್ನೂ ಕಳಿಸಿಲ್ಲ. ಇವಳು ಕೆಲಸಕ್ಕೆ ಹೋಗುವೆನೆಂದರೆ ಅತ್ತೆ ಮಾವ ಒಪ್ಪುತ್ತಿಲ್ಲ. “ಅವನು ಬಂದೇ ಬರ್ತಾನೆ, ಅಲ್ಲೀವರೆಗೆ ಮನೇಲಿ ಮರ್ಯಾದೆಯಾಗಿ ಕಾಯಿ” ಎನ್ನುತ್ತಾರೆ. ಮನೆ ನಡೆಯಬೇಕಲ್ಲ, ಅದಕ್ಕೇ ಮಗಳು ಶಾಲೆ ತಪ್ಪಿಸಿ ಕೂಲಿಗೆ ಹೋಗುತ್ತಿದ್ದಾಳೆ. ಇಷ್ಟನ್ನು ಅವಳು ಅಳದೆ ಹೇಳಿದಳು. ನನಗೇನು ಹೇಳಬೇಕೋ ತೋಚಲಿಲ್ಲ. ನನಗೆ ಬಂದ ಮಾತನ್ನೇ ಅವಳಿಗೂ ದಾಟಿಸಿದೆ. “ದೇವರನ್ನ ನಂಬಿ ಧೈರ್ಯವಾಗಿರಮ್ಮ. ಶಬರಿ ಎಷ್ಟು ವರ್ಷ ಕಾದಳು!”

ಅವಳು ನನ್ನ ಮುಖವನ್ನೇ ನೋಡಿದಳು. “ಶಬರಿಗೆ ಮಕ್ಕಳಿದ್ರಾ ಮೇಡಮ್?” ಎಂದು ಕೇಳಿದಳು.

ಸಿಟ್ಟಿನಿಂದ ಕೇಳಲಿಲ್ಲ, ಕುಹಕದಿಂದಲೂ ಅಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು. ‘ಇರಲಿಲ್ಲ’ ಎಂದು ಹೇಳುವಷ್ಟರಲ್ಲಿ ನನ್ನ ಮುಖ ಬಿಸಿಯಾಗಿತ್ತು. ಆ ರಾತ್ರಿ ನನಗೆ ಹೊಳೆದದ್ದು ಇಷ್ಟು: ಬಾಯಿತುಂಬ ಶಬರಿ ಎನ್ನುವ ನನಗೆ ಶಬರಿಯ ವಿಷಯ ಏನು ಗೊತ್ತು? ಹರಿಕಥೆಯಲ್ಲಿ ಕೇಳಿದ ಬೋರೆಹಣ್ಣು, ಕ್ಯಾಲೆಂಡರಿನಲ್ಲಿ ನೋಡಿದ ಬಾಗಿದ ಮುದುಕಿ, ಆಕಾಶವಾಣಿಯಲ್ಲಿ ಕೇಳಿದ ವಿ. ಸೀತಾರಾಮಯ್ಯನವರ ಹಾಡು. ಇದಿಷ್ಟೇ ಅಲ್ಲವೇ?

ಶಾಲೆಯ ಗ್ರಂಥಾಲಯದಿಂದ ವಾಲ್ಮೀಕಿ ರಾಮಾಯಣದ ಕನ್ನಡ ಅನುವಾದ ತಂದೆ. ಅರಣ್ಯಕಾಂಡದಲ್ಲಿ 75 ಸರ್ಗಗಳಿವೆ. ಶಬರಿ ಬರುವುದು 74ನೆಯದರಲ್ಲಿ. ಒಂದೇ ಸರ್ಗ, ಓದಲು ಹತ್ತು ನಿಮಿಷ ಸಾಕು. ಓದಿದ ಮೇಲೆ ಮೊದಲು ಆಶ್ಚರ್ಯವಾದದ್ದು ಅಲ್ಲಿ ಏನಿಲ್ಲ ಎಂಬುದರಿಂದ. ಅಲ್ಲಿ ಕಚ್ಚಿ ನೋಡಿದ ಹಣ್ಣಿಲ್ಲ. ರಾಮನಿಗಾಗಿ ಪಂಪಾತೀರದಲ್ಲಿ ಬಗೆಬಗೆಯ ಕಾಡಿನ ಫಲಗಳನ್ನು ಕೂಡಿಟ್ಟಿದ್ದೇನೆ ಎನ್ನುತ್ತಾಳೆ, ಅಷ್ಟೇ. ಎಂಜಲಿನ ಮಾತು ತುಳಸೀದಾಸರ ರಾಮಚರಿತಮಾನಸದಲ್ಲಿಯೂ ಇಲ್ಲ. ಅದು ಭಕ್ತರ ಬಾಯಲ್ಲಿ, ಹರಿಕಥೆಗಳಲ್ಲಿ ಬೆಳೆದು ಬಂದದ್ದು. ಬಾಗಿಲಿಗೆ ಒರಗಿ ದಾರಿ ನೋಡುವ ಮುದುಕಿಯೂ ಅಲ್ಲಿಲ್ಲ. ಆಕೆ ವೃದ್ಧೆ, ನಿಜ. ಆದರೆ ವಾಲ್ಮೀಕಿ ಆಕೆಯನ್ನು ಕರೆಯುವುದು ತಪಸ್ವಿನಿ ಎಂದು, ಸಿದ್ಧಳು ಎಂದು. ಜ್ಞಾನದಿಂದ ಹೊರಗಿಡಲ್ಪಡದವಳು ಎಂಬ ಅರ್ಥದ ಮಾತನ್ನೂ ಆಕೆಯ ಬಗ್ಗೆ ಹೇಳುತ್ತಾನೆ. ಕಾಡಿನ ಶಬರ ಕುಲದ ಹೆಣ್ಣಿನ ಬಗ್ಗೆ ಅಷ್ಟು ಹಿಂದಿನ ಕವಿ ಆಡಿದ ಈ ಮಾತನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಹಣ್ಣಿನ ಕಥೆ ಮಾತ್ರ ಹೇಳುತ್ತೇವೆ.

ಅಲ್ಲಿ ಇರುವುದೇನು? ಮತಂಗ ಮುನಿಯ ಶಿಷ್ಯರಾದ ಋಷಿಗಳಿಗೆ ಶಬರಿ ಸೇವೆ ಮಾಡಿಕೊಂಡಿದ್ದಳು. ರಾಮ ಚಿತ್ರಕೂಟಕ್ಕೆ ಬಂದ ಕಾಲಕ್ಕೆ ಆ ಋಷಿಗಳು ಈ ಲೋಕ ಬಿಟ್ಟು ಹೋದರು. ಹೋಗುವಾಗ, ರಾಮ ಈ ಆಶ್ರಮಕ್ಕೆ ಬರುತ್ತಾನೆ, ತಮ್ಮನೊಡನೆ ಬರುವ ಆ ಅತಿಥಿಯನ್ನು ಸತ್ಕರಿಸು, ಅವನನ್ನು ಕಂಡ ಮೇಲೆ ನೀನೂ ಬರುವೆ ಎಂದು ಹೇಳಿ ಹೋದರು. ಈಗ ಲೆಕ್ಕ ಹಾಕಿ ನೋಡಿ. ರಾಮನ ವನವಾಸ 14 ವರ್ಷ. ಚಿತ್ರಕೂಟ ಅದರ ಆರಂಭದಲ್ಲಿ. ಅಲ್ಲಿಂದ ಮುಂದೆ ದಂಡಕಾರಣ್ಯದ ಆಶ್ರಮಗಳಲ್ಲಿಯೇ ಹತ್ತು ವರ್ಷ ಕಳೆಯಿತು. ಆಮೇಲೆ ಪಂಚವಟಿ. ಸೀತೆಯನ್ನು ಕಳೆದುಕೊಂಡು ಅವನು ಪಂಪೆಗೆ ಬರುವ ಹೊತ್ತಿಗೆ ಹತ್ತು ವರ್ಷದ ಮೇಲೆ ಆಗಿಹೋಗಿತ್ತು. ಅಷ್ಟು ಕಾಲ, ತನ್ನವರೆಂಬವರೆಲ್ಲ ಹೋದ ಜಾಗದಲ್ಲಿ ಒಬ್ಬಳೇ ಹೆಂಗಸು ಇದ್ದಳು. ಇದನ್ನು ಓದಿದಾಗ ಮೊದಲ ಸಲ ಶಬರಿ ನನಗೆ ಹತ್ತಿರದವಳೆನಿಸಿದಳು. ನಾನು ತಿಳಿದಿದ್ದಂತೆ ಅವಳ ಕಥೆ ಬರುವವನ ಕಥೆ ಮಾತ್ರವಲ್ಲ, ಹೋದವರ ಕಥೆಯೂ ಹೌದು.

ರಾಮ ಬಂದ ಮೇಲೆ ಏನಾಯಿತೆಂಬುದನ್ನೂ ನೋಡಬೇಕು. ‘ನನಗಾಗಿ ಎಷ್ಟು ಕಾದೆ’ ಎಂದು ಅವನು ಕೇಳುವುದಿಲ್ಲ. ನಿನ್ನ ತಪಸ್ಸು ಬೆಳೆಯುತ್ತಿದೆಯೇ, ವಿಘ್ನಗಳನ್ನು ಗೆದ್ದೆಯಾ, ಕೋಪ ಹತೋಟಿಯಲ್ಲಿದೆಯೇ, ಆಹಾರ ನಿಯಮದಲ್ಲಿದೆಯೇ, ಮನಸ್ಸಿಗೆ ಸುಖವಿದೆಯೇ, ಗುರುಸೇವೆ ಫಲಿಸಿತೇ ಎಂದು ಕೇಳುತ್ತಾನೆ. ದಿನದಿನದ ಬದುಕಿನ ಪ್ರಶ್ನೆಗಳು. ಒಂಟಿಯಾಗಿರುವವಳನ್ನು ಕೇಳಬೇಕಾದ ಪ್ರಶ್ನೆಗಳೇ ಇವು. ಒಬ್ಬಳೇ ಇರುವಾಗ ಮೊದಲು ಕೆಡುವುದು ಊಟ, ಆಮೇಲೆ ಸಿಟ್ಟು. ನಿನ್ನೆಯ ಅನ್ನ, ಉಪ್ಪಿನಕಾಯಿ. ಏಕೆಂದಿಲ್ಲದೆ ಮಕ್ಕಳ ಮೇಲೆ ರೇಗುವುದು. ಅನುಭವಿಸಿದವರಿಗೆ ಗೊತ್ತು.

ಆಮೇಲೆ ರಾಮ ಆಶ್ರಮ ನೋಡಬೇಕೆನ್ನುತ್ತಾನೆ. ಶಬರಿ ಮುಂದೆ, ಅವನು ಹಿಂದೆ. ಇದು ಮತಂಗವನ, ವಯಸ್ಸಾಗಿ ಕೈ ನಡುಗುತ್ತಿದ್ದರೂ ನನ್ನ ಗುರುಗಳು ಹೂವು ಅರ್ಪಿಸುತ್ತಿದ್ದ ವೇದಿಕೆ ಇದು, ಅವರು ಏರಿಸಿದ ಹೂವು ಇನ್ನೂ ಬಾಡಿಲ್ಲ, ಅವರು ಸ್ನಾನ ಮಾಡಿ ಮರಗಳ ಮೇಲೆ ಹಾಕಿದ ನಾರುಬಟ್ಟೆ ಇನ್ನೂ ಒಣಗಿಲ್ಲ, ನೋಡು ಎಂದು ಒಂದೊಂದಾಗಿ ತೋರಿಸುತ್ತಾಳೆ.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಬಾಗಿಲ ಹಿಂದಿನ ಅಂಗಿ ಕಣ್ಣೆದುರಿಗಿತ್ತು. ಪಂಡಿತರು ಇದನ್ನು ಋಷಿಗಳ ತಪಸ್ಸಿನ ಮಹಿಮೆ ಎನ್ನುತ್ತಾರೆ, ಇರಲಿ. ಆದರೆ ಹೋದವರ ಬಟ್ಟೆ ಒಣಗದಿರುವುದು ಏನೆಂಬುದು ಮನೆಯಲ್ಲಿ ಸಾವು ಕಂಡ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ. ಶಬರಿ ಆ ಬಟ್ಟೆಗಳನ್ನು ಮಡಿಸಿ ಬಚ್ಚಿಡಲಿಲ್ಲ. ಅವುಗಳ ಕೆಳಗೆ ಅಳುತ್ತ ಕೂತಳೆಂದೂ ಕವಿ ಹೇಳುವುದಿಲ್ಲ. ಆ ಜಾಗವನ್ನು ಇದ್ದ ಹಾಗೆ ಕಾಪಾಡಿದಳು. ಅತಿಥಿ ಬಂದ ದಿನ ಕೈತೋರಿ ತೋರಿಸಿದಳು.

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ವ್ಯಾಕರಣ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಬಸ್ಸಿಗೆ ಕಾಯುತ್ತೇವೆ, ಹೊಲ ಕಾಯುತ್ತೇವೆ, ಒಲೆಯ ಮೇಲೆ ನೀರು ಕಾಯುತ್ತದೆ. ಹೇಳುತ್ತಾ ಬಂದಿದ್ದೆನೇ ಹೊರತು ನನ್ನ ಬದುಕಿಗೆ ತಂದುಕೊಂಡಿರಲಿಲ್ಲ. ನಾನು ಮಾಡುತ್ತಿದ್ದದ್ದು ಬಸ್ಸಿಗೆ ಕಾಯುವುದು. ಶಬರಿ ಮಾಡಿದ್ದು ಹೊಲ ಕಾಯುವುದು. ಅವಳು ರಾಮನಿಗೆ ಕಾದಳು ಎನ್ನುವುದು ಅರ್ಧ ಮಾತು. ಆಶ್ರಮವನ್ನು ಕಾದಳು ಎಂದಾಗ ಮಾತು ಪೂರ್ತಿಯಾಗುತ್ತದೆ. ಗುರುಗಳ ಮಾತು ನಿಜವಾಗುತ್ತದೆ ಎಂದು ನಂಬಿದವಳು ಆ ನಂಬಿಕೆಯನ್ನು ದಿನದ ಕೆಲಸದಲ್ಲಿ ಇಟ್ಟಿದ್ದಳು. ರಾಮ ನಾಳೆ ಬಂದರೂ ಸರಿ, ಹತ್ತು ವರ್ಷ ಬಿಟ್ಟು ಬಂದರೂ ಸರಿ, ಅವಳಿಗೆ ಇವತ್ತಿನ ಕೆಲಸ ಇದ್ದೇ ಇತ್ತು.

ಇನ್ನೊಂದು ವಿಷಯ. ಬಂದ ರಾಮನಾದರೂ ಎಂಥವನು? ಪಟ್ಟಾಭಿಷೇಕದ ಪಟದ ರಾಮನಲ್ಲ. ಹೆಂಡತಿಯನ್ನು ಕಳೆದುಕೊಂಡು, ಗಿಡಮರಗಳನ್ನು ಕೇಳುತ್ತ ಅಲೆದು, ಕಬಂಧ ತೋರಿಸಿದ ದಾರಿ ಹಿಡಿದು ಸುಗ್ರೀವನ ಸ್ನೇಹ ಅರಸುತ್ತ ಬಂದವನು. ಕೊಡಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಕೊಟ್ಟವಳು ಶಬರಿ: ನೀರು, ಫಲ, ಅಷ್ಟು ಹೊತ್ತಿನ ನೆಮ್ಮದಿ. ಅಲ್ಲಿಂದ ಮುಂದೆ ಅವನಿಗೂ ಕಾಯುವ ಕಾಲ ಬಂತು. ಸುಗ್ರೀವನಿಗೆ ಪಟ್ಟವಾದ ಮೇಲೆ ಮಳೆಗಾಲದ ನಾಲ್ಕು ತಿಂಗಳು ಬೆಟ್ಟದ ಗುಹೆಯಲ್ಲಿ ಕಾದ. ಹಂಪಿಯ ಮಾಲ್ಯವಂತ ಬೆಟ್ಟವೇ ಅದೆಂದು ನಮ್ಮ ಜನ ನಂಬುತ್ತಾರೆ. ಅಲ್ಲಿ ಅವನು ಪಟ್ಟ ಸಂಕಟ, ಲಕ್ಷ್ಮಣ ಹೇಳಿದ ಸಮಾಧಾನ ಎಲ್ಲವೂ ಕಿಷ್ಕಿಂಧಾಕಾಂಡದಲ್ಲಿದೆ. ನಾವು ಯಾರನ್ನು ನಂಬಿ ಕಾಯುತ್ತೇವೋ ಅವನಿಗೂ ಕಾಯುವುದು ತಪ್ಪಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಒಂಟಿತನ ದೇವರು ಕೈಬಿಟ್ಟ ಗುರುತಲ್ಲ ಎಂದು ಯಾರು ಹೇಳಿದ್ದರೂ ಆಗ ನಾನು ನಂಬುತ್ತಿರಲಿಲ್ಲ. ರಾಮನ ಮಳೆಗಾಲವನ್ನು ಓದಿ ನಂಬಿದೆ.

ಮುಂದಿನ ಕವಿಗಳು ಶಬರಿಯನ್ನು ಬೇರೆ ಬೇರೆ ರೀತಿಯಲ್ಲಿ ಕಂಡರು. ಅಧ್ಯಾತ್ಮ ರಾಮಾಯಣದಲ್ಲಿ, ತುಳಸೀದಾಸರಲ್ಲಿ ರಾಮ ಅವಳಿಗೆ ಒಂಬತ್ತು ಬಗೆಯ ಭಕ್ತಿಯನ್ನು ಬೋಧಿಸುತ್ತಾನೆ. ಹೆಣ್ಣು ಗಂಡು, ಜಾತಿ ಕುಲ ಯಾವುದೂ ಭಕ್ತಿಗೆ ಅಡ್ಡಿಯಲ್ಲ ಎಂದು ಸಾರಲು ಶಬರಿಯೇ ಬೇಕಾದಳು. ಅದು ಸಣ್ಣ ಲಾಭವಲ್ಲ. ಆದರೆ ಒಂದು ನಷ್ಟವೂ ಆಯಿತು. ವಾಲ್ಮೀಕಿಯಲ್ಲಿ ತೋರಿಸುವವಳು ಅವಳು, ನೋಡುವವನು ಅವನು. ಇಲ್ಲಿ ಹೇಳುವವನು ಅವನು, ಕೇಳುವವಳು ಅವಳು. ಕಾಲು ಶತಮಾನಕ್ಕೂ ಹೆಚ್ಚು ಕಾಲ ತರಗತಿಯಲ್ಲಿ ನಿಂತವಳಿಗೆ ಈ ವ್ಯತ್ಯಾಸ ಕಾಣದೆ ಇರುತ್ತದೆಯೇ? ನಮ್ಮ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಶಬರಿಗೆಂದೇ ಒಂದು ಸಂಚಿಕೆ ಕೊಟ್ಟು ಅದನ್ನು ‘ಶಬರಿಗಾದನು ಅತಿಥಿ ದಾಶರಥಿ’ ಎಂದು ಕರೆದರು. ಆ ಹೆಸರೇ ನನಗೆ ಪ್ರಿಯ. ರಾಮ ಅತಿಥಿ ಎಂದಮೇಲೆ ಶಬರಿ ಮನೆಯೊಡತಿ. ಒಡತಿಗೆ ದೈನ್ಯವಿಲ್ಲ, ಕೆಲಸವಿದೆ.

ಹಾಗೆಂದು ಬೋರೆಹಣ್ಣಿನ ಕಥೆಯನ್ನು ಬಿಟ್ಟುಬಿಡಿ ಎನ್ನುವುದಿಲ್ಲ. ಸಾರಿನ ಉಪ್ಪು ನೋಡಿ ಬಡಿಸುವ ಹೆಂಗಸರು ಕಟ್ಟಿದ ಕಥೆಯಂತಿದೆ ಅದು. ಹುಳಿ ಹಣ್ಣು ಅವನ ಬಾಯಿಗೆ ಹೋಗಬಾರದೆಂಬ ಕಾಳಜಿ ಅದರಲ್ಲಿದೆ. ವಿ.ಸೀ. ಅವರ ಹಾಡಿನ ಮೇಲೂ ನನಗೆ ದೂರಿಲ್ಲ. ಈಗಲೂ ಕೇಳಿದರೆ ಗಂಟಲು ಕಟ್ಟುತ್ತದೆ. ದೂರು ಇರುವುದು ನಮ್ಮ ಕಿವಿಯ ಮೇಲೆ. ಅಷ್ಟು ದೊಡ್ಡ ಬದುಕಿನಿಂದ ‘ಕಾದಳು’ ಎಂಬ ಒಂದೇ ಮಾತನ್ನು ಹೆಕ್ಕಿಕೊಂಡು, ಅದನ್ನು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಬಳಸುತ್ತೇವಲ್ಲ, ಅದು ತಪ್ಪು. ಆ ತಪ್ಪನ್ನು ನಾನೂ ಮಾಡಿದ್ದೇನೆ.

ವಾಲ್ಮೀಕಿಯಲ್ಲಿ ನನಗೆ ಒಪ್ಪಲು ಕಷ್ಟವಾದ ಭಾಗವೂ ಇದೆ. ಎಲ್ಲವನ್ನೂ ತೋರಿಸಿದ ಮೇಲೆ ಶಬರಿ ರಾಮನ ಅನುಮತಿ ಪಡೆದು ಬೆಂಕಿಗೆ ದೇಹ ಒಪ್ಪಿಸಿ ಗುರುಗಳಿದ್ದ ಲೋಕಕ್ಕೆ ಹೋಗುತ್ತಾಳೆ. ತಪಸ್ಸು ಮುಗಿಸಿದ ಋಷಿಯ ಅಂತ್ಯ ಅದು, ಯಾರೂ ಅವಳನ್ನು ಬಲವಂತ ಮಾಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಹೆಣ್ಣು ಮತ್ತು ಬೆಂಕಿ ಎಂಬೆರಡು ಮಾತು ಒಟ್ಟಿಗೆ ಬಂದರೆ ನನ್ನ ಮನಸ್ಸು ಹಿಂಜರಿಯುತ್ತದೆ. ತರಗತಿಯಲ್ಲಿ ಆ ಭಾಗವನ್ನು ನಾನು ‘ಅವಳ ಕೆಲಸ ಮುಗಿದಿತ್ತು, ಹೋದಳು’ ಎಂದಷ್ಟೇ ಹೇಳುತ್ತೇನೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಶಬರಿಗೆ ಮಕ್ಕಳಿರಲಿಲ್ಲ. ಆಶ್ರಮವನ್ನು ಆರಿಸಿಕೊಂಡವಳು ಅವಳೇ. ಕಾಯಲು ಹೇಳಿದವರು ಅವಳು ಸೇವೆ ಮಾಡಿ ಅರಿತಿದ್ದ ಗುರುಗಳು. ಅವಳು ಕಾದದ್ದರಿಂದ ಯಾರ ಹೊಟ್ಟೆಯೂ ಹಸಿಯಲಿಲ್ಲ, ಯಾವ ಹುಡುಗಿಯ ಶಾಲೆಯೂ ತಪ್ಪಲಿಲ್ಲ. ಸುದ್ದಿಯಿಲ್ಲದ ಗಂಡನಿಗಾಗಿ ಮನೆಯೊಳಗೆ ಕೂರು ಎಂದು ಅತ್ತೆ ಮಾವ ಹೇಳಿದ್ದು ಈ ಯಾವುದಕ್ಕೂ ಹೊಂದುವುದಿಲ್ಲ. ಅದಕ್ಕೆ ದೇವರ ಹೆಸರು ಹಚ್ಚಿದವಳು ನಾನು. ಮುಂದಿನ ವಾರ ಅವಳ ಮನೆಗೆ ಹೋಗಿ ಆ ಮಾತನ್ನು ವಾಪಸು ತೆಗೆದುಕೊಂಡೆ. ಅತ್ತೆ ಮಾವನ ಜೊತೆಗೂ ಕೂತು ಮಾತಾಡಿದೆ. ಒಂದೇ ದಿನಕ್ಕೆ ಒಪ್ಪಲಿಲ್ಲ, ಮೂರು ಸಲ ಹೋಗಬೇಕಾಯಿತು. ಆಮೇಲೆ ಅವಳು ಹತ್ತಿರದ ಶಾಲೆಯೊಂದರ ಬಿಸಿಯೂಟದ ಅಡುಗೆಗೆ ಸೇರಿದಳು. ಸಿಗುವ ದುಡ್ಡು ಕಡಿಮೆ. ಆದರೂ ಮಗಳ ಕೂಲಿ ನಿಂತಿತು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಗಂಡನ ಸುದ್ದಿ ಇವತ್ತಿಗೂ ಇಲ್ಲ. ಅವಳು ದೇವರನ್ನು ಬಿಟ್ಟಿಲ್ಲ. ಶನಿವಾರ ಆಂಜನೇಯನ ಗುಡಿಯಲ್ಲಿ ಸಿಗುತ್ತಾಳೆ. “ಕೈಯಲ್ಲಿ ಕೆಲಸ ಇದ್ರೆ ದೇವ್ರ ಹತ್ರ ಕೇಳೋದು ಕಮ್ಮಿ ಆಗುತ್ತೆ ಮೇಡಮ್, ಮಾತಾಡೋದು ಜಾಸ್ತಿ ಆಗುತ್ತೆ” ಎಂದಳು ಒಮ್ಮೆ. ನಾನು ವಾಲ್ಮೀಕಿಯನ್ನು ಓದಿ ತಿಳಿದದ್ದನ್ನು ಅವಳು ಸೌಟು ಹಿಡಿದು ತಿಳಿದಿದ್ದಳು.

ಅದಾದ ಎರಡು ವರ್ಷಕ್ಕೆ ಶಾಲೆಯ ಪ್ರವಾಸದಲ್ಲಿ ಮಕ್ಕಳೊಂದಿಗೆ ಹಂಪಿಗೆ ಹೋದೆ. ಹಂಪಿಯ ಬಜಾರಿನ ತುದಿಗೆ ಮತಂಗ ಪರ್ವತ. ತುಂಗಭದ್ರೆಯ ಆಚೆ ದಡದಲ್ಲಿ, ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಕಡೆಗೆ, ಬಂಡೆಗಳ ನಡುವೆ ಪಂಪಾಸರೋವರ. ಅಲ್ಲೊಂದು ಲಕ್ಷ್ಮಿಯ ಗುಡಿ, ಪಕ್ಕದಲ್ಲಿ ಶಬರಿಯ ಗುಹೆಯೆಂದು ತೋರಿಸುವ ಸಣ್ಣ ಜಾಗ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರವೂ ಒಂದು ಶಬರಿಕೊಳ್ಳವಿದೆ. ಶಬರಿ ಇದ್ದದ್ದು ಅಲ್ಲಿಯೇ ಎಂದು ಆ ಕಡೆಯ ಜನ ಹೇಳುತ್ತಾರೆ. ಯಾವುದು ನಿಜವೆಂಬ ತಕರಾರು ನನಗೆ ಬೇಡ. ತಮ್ಮ ಊರಿನ ಒಂದು ಕೊಳದ ಪಕ್ಕ ಅವಳು ಕಾದಿದ್ದಳೆಂದು ನಂಬಲು ಎರಡು ಊರಿನವರಿಗೂ ಇಷ್ಟವಿದೆ, ಅಷ್ಟು ಸಾಕು. ಮೆಟ್ಟಿಲ ಮೇಲೆ ಕೂತಿದ್ದಾಗ ಹುಡುಗಿಯೊಬ್ಬಳು, “ಇಷ್ಟು ದೊಡ್ಡ ಜಾಗಾನ ಒಬ್ಬಳೇ ಗುಡಿಸ್ತಿದ್ದಳಾ ಟೀಚರ್?” ಎಂದಳು. ಹೌದೆಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಈಗ ನನ್ನ ಸಂಜೆಗಳು ತುಂಬಿ ತುಳುಕುತ್ತಿವೆ ಎಂದು ಸುಳ್ಳು ಹೇಳಲಾರೆ. ಕೆಲವು ದಿನ ಮನೆಯ ಮೌನ ಇನ್ನೂ ಭಾರವೇ. ಆದರೆ ದೀಪ ಹಚ್ಚಿದ ಮೇಲೆ ಬಸ್ಸಿಗೆ ಕಾದಂತೆ ಕೂರುವುದಿಲ್ಲ. ನೋಟ್‌ಬುಕ್ ತಿದ್ದುತ್ತೇನೆ. ಕನ್ನಡದಲ್ಲಿ ಹಿಂದುಳಿದ ಮೂರ್ನಾಲ್ಕು ಹುಡುಗಿಯರು ಓದಲು ಬರುತ್ತಾರೆ. ಅನ್ನ ಈಗಲೂ ಒಂದು ಹಿಡಿ ಹೆಚ್ಚೇ ಮಾಡುತ್ತೇನೆ, ಯಾರಾದರೂ ಉಣ್ಣುತ್ತಾರೆ. ನೀಲಿ ಗೆರೆಯ ಅಂಗಿ ಅಲ್ಲೇ ಇದೆ. ಮಗಳು ಬಂದಾಗ ಇಬ್ಬರೂ ಅದನ್ನು ನೋಡುತ್ತ ಅವಳ ಅಪ್ಪನ ಮಾತಾಡುತ್ತೇವೆ. ದೇವರು ದಾರಿ ತೋರಿಸಿದನೇ ಎಂದು ದೊಡ್ಡಮ್ಮ ಕೇಳಿದರೆ, ದಾರಿ ಇನ್ನೂ ಪೂರ್ತಿ ಕಂಡಿಲ್ಲ, ಆದರೆ ಅಂಗಳ ಗುಡಿಸಿಟ್ಟಿದ್ದೇನೆ ಎನ್ನುತ್ತೇನೆ.

ಇನ್ನು ಮುಂದೆ ನೀವು ಯಾರಿಗಾದರೂ ‘ಶಬರಿಯ ಹಾಗೆ ಕಾಯಿ’ ಎಂದು ಹೇಳುವ ಮುಂಚೆ ಅವಳ ಮನೆಯಲ್ಲಿ ಒಲೆ ಉರಿದಿದೆಯೇ ಎಂದು ಒಮ್ಮೆ ಕೇಳಿ. ಉರಿದಿದ್ದರೆ ಶಬರಿಯ ಕಥೆ ಹೇಳಿ, ಪೂರ್ತಿ ಹೇಳಿ. ಉರಿದಿಲ್ಲದಿದ್ದರೆ ಕಥೆ ಆಮೇಲಾಗಲಿ, ಮೊದಲು ಅವಳ ಜೊತೆ ಎದ್ದು ಹೊರಡಿ.